ಗಟ್ಟಿಮೇಳ ಯಾವಾಗ?

ಇವತ್ತು ಮದುವೆ ವಿಚಾರ. ಗಾಬರಿಯಾಗಬೇಡಿ, ಯಾವ ಸ್ಟಾರ್ ಮದುವೆಗೆ ಎಷ್ಟು ಕೋಟಿ ಖರ್ಚಾಯ್ತು, ಎಲೆ ಮೇಲೆ ಎಷ್ಟು ಬಗೆ ಸಿಹಿ ಇತ್ತು ಅಂತ ನಾನು ಹೇಳೋದಿಲ್ಲ. ಅದನ್ನು ಹೇಳೋಕೆ ನಮ್ಮಲ್ಲಿ ಬೇರೆ ಕಾರ್ಯಕ್ರಮಗಳಿವೆ.

ಕೆಲವು ವಾರಗಳ ಹಿಂದೆ ಸರಳ ಮದುವೆಗಳ ಬಗ್ಗೆ ಒಂದು ಸ್ಟೋರಿ ಮಾಡಿದ್ವಿ. ಅದಾದ ಮೇಲೆ ಬಂದ ಮೆಸೇಜುಗಳಲ್ಲಿ ಹೆಚ್ಚಿನವು ಒಂದೇ ಥರ: 'ಸರ್, ನಾವೂ ಪುರೋಹಿತರಿಲ್ಲದೆ, ಮುಹೂರ್ತ ನೋಡದೆ ಮದುವೆ ಆಗಬೇಕು ಅಂತಿದ್ದೀವಿ. ಹೇಗೆ ಮಾಡೋದು?' ಒಬ್ಬ ಹುಡುಗಿ ಮಾತ್ರ ಬೇರೆ ಪ್ರಶ್ನೆ ಕಳಿಸಿದ್ದರು. ಪ್ರಶ್ನೆ ಅವರದ್ದಲ್ಲ, ಅವರ ಅಮ್ಮನದು. ಹುಡುಗ, ಹುಡುಗಿ ಇಬ್ಬರೂ ನಿರ್ಧಾರ ಮಾಡಿಯಾಗಿದೆ. ಅಪ್ಪ ಒಪ್ಪಿದ್ದಾರೆ. ಅಮ್ಮನೂ ಬೇಡ ಅಂದಿಲ್ಲ. ಅವರು ಕೇಳಿದ್ದು ಇಷ್ಟೇ: 'ಎಲ್ಲಾ ಸರಿ ಕಣೇ, ಗಟ್ಟಿಮೇಳ ಯಾವಾಗ? ನಾನು ಅಕ್ಷತೆ ಯಾವಾಗ ಹಾಕ್ಲಿ?'

ಹುಡುಗಿಗೆ ಇದು ತಮಾಷೆಯಾಗಿ ಕಂಡಿದೆ. ಕೊನೆಯಲ್ಲಿ ಎರಡು ನಗುವ ಮುಖ ಹಾಕಿ ಕಳಿಸಿದ್ದರು. ನನಗೆ ಅದು ತಮಾಷೆ ಅನ್ನಿಸಲಿಲ್ಲ. ಈ ವಿಷಯದಲ್ಲಿ ಕೇಳಬಹುದಾದ ಅತ್ಯಂತ ಬುದ್ಧಿವಂತ ಪ್ರಶ್ನೆ ಅದೇ. ಯಾಕೆ ಅಂತ ಹೇಳ್ತೀನಿ.

ನಾನು ಓದಿದ್ದು ಇಂಜಿನಿಯರಿಂಗ್. ಕಾಲೇಜಿನಲ್ಲಿ ಕಲಿತದ್ದು ಬಹಳಷ್ಟು ಮರೆತಿದೆ, ಒಂದು ಪಾಠ ಮಾತ್ರ ಉಳಿದಿದೆ. ಹಳೇ ಮನೆಯಲ್ಲಿ ಒಂದು ಕಂಬ ಅಡ್ಡ ಬರ್ತಿದೆ ಅಂತ ತೆಗೆಯೋಕೆ ಹೊರಟರೆ ಮೊದಲು ನೋಡಬೇಕಾದ್ದು ಆ ಕಂಬ ಯಾವ ಭಾರ ಹೊತ್ತಿದೆ ಅನ್ನೋದನ್ನ. ಬರೀ ಅಲಂಕಾರದ ಕಂಬ ಆದರೆ ತೆಗೀರಿ. ಸೂರಿನ ಭಾರ ಹೊತ್ತಿದ್ದರೆ, ಆ ಭಾರಕ್ಕೆ ಬೇರೆ ಆಧಾರ ಕೊಟ್ಟು ಆಮೇಲೆ ತೆಗೀರಿ. ಮದುವೆಯ ಶಾಸ್ತ್ರಗಳೂ ಹಾಗೇ. ಶಾಸ್ತ್ರ ಬಿಡೋದು ಸುಲಭ. ಆ ಶಾಸ್ತ್ರ ಇಷ್ಟು ದಿನ ಮಾಡುತ್ತಿದ್ದ ಕೆಲಸವನ್ನ ಇನ್ನು ಯಾರು ಮಾಡಬೇಕು? ಇವತ್ತಿನ ಮಾತೆಲ್ಲ ಇದರ ಸುತ್ತವೇ.

ಅದಕ್ಕೂ ಮೊದಲು ಒಂದು ತಪ್ಪು ಕಲ್ಪನೆ ದೂರ ಮಾಡೋಣ. ಇದು ಫಾರಿನ್‌ನಿಂದ ಬಂದ ಫ್ಯಾಷನ್ ಅಂತ ಹೇಳೋರಿದ್ದಾರೆ. ಅಲ್ಲ. ಮಹಾರಾಷ್ಟ್ರದಲ್ಲಿ ಜ್ಯೋತಿಬಾ ಫುಲೆ 1873ರಲ್ಲಿ ಸತ್ಯಶೋಧಕ ಸಮಾಜ ಕಟ್ಟಿದರು. ಪುರೋಹಿತರನ್ನು ಕರೆಯದೆ, ಗಂಡು ಹೆಣ್ಣು ತಮಗೆ ಅರ್ಥವಾಗುವ ಭಾಷೆಯಲ್ಲೇ ಒಬ್ಬರಿಗೊಬ್ಬರು ಮಾತು ಕೊಟ್ಟು ಮದುವೆಯಾಗುವ ಕ್ರಮ ಅಲ್ಲಿ ಶುರುವಾಯ್ತು. ತಮಿಳುನಾಡಿನಲ್ಲಿ ಪೆರಿಯಾರ್ ಅವರ ಸ್ವಾಭಿಮಾನ ಮದುವೆಗಳು 1920ರ ದಶಕದ ಕೊನೆಯಿಂದ ನಡೆದುಕೊಂಡು ಬಂದಿವೆ.

ನಮ್ಮಲ್ಲಿ? ಕುವೆಂಪು ಇದ್ದಾರಲ್ಲ. ಮಂತ್ರ ಮಾಂಗಲ್ಯ ಅವರು ಕೊಟ್ಟ ಮದುವೆ ಕ್ರಮ. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಅವರ ಮದುವೆಯನ್ನು ಅದೇ ಕ್ರಮದಲ್ಲಿ ಮಾಡಿಸಿದರು. ಪುರೋಹಿತರಿಲ್ಲ, ಮುಹೂರ್ತವಿಲ್ಲ, ವರದಕ್ಷಿಣೆಯಿಲ್ಲ, ಆಡಂಬರವಿಲ್ಲ. ಪ್ರತಿಜ್ಞೆ ಇದೆ, ಸಾಕ್ಷಿಗಳಿದ್ದಾರೆ. ಮುಂದೆ ರೈತ ಸಂಘದವರು ಈ ಬಗೆಯ ಮದುವೆಯನ್ನ ಹಳ್ಳಿ ಹಳ್ಳಿಗೆ ಒಯ್ದರು. 2023ರಲ್ಲಿ ನಟಿ ಪೂಜಾ ಗಾಂಧಿ ಮಂತ್ರ ಮಾಂಗಲ್ಯದಲ್ಲಿ ಮದುವೆಯಾದಾಗ ನಾವೆಲ್ಲ ಸುದ್ದಿ ಮಾಡಿದ್ವಿ, ಏನೋ ಹೊಸದು ಅನ್ನೋ ಹಾಗೆ. ಹೊಸದೇನಲ್ಲ, ಅಷ್ಟು ಹೊತ್ತಿಗೆ ಅದಕ್ಕೆ ಐವತ್ತೇಳು ವರ್ಷ.

ಇನ್ನೂ ಹಿಂದಕ್ಕೆ ಹೋಗಿ. ಕೊಡವರ ಮದುವೆ ನೋಡಿದವರಿಗೆ ಗೊತ್ತು. ಅಲ್ಲಿ ಮದುವೆ ಮಾಡಿಸೋರು ಪುರೋಹಿತರಲ್ಲ. ಹಿರಿಯರು ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ, ಕಿಂಡಿಯಿಂದ ಹಾಲು ಕುಡಿಸಿ, ಕೈಗೆ ಕಾಣಿಕೆ ಕೊಟ್ಟು ಹರಸುತ್ತಾರೆ. ಆ ಮದುವೆ ನೋಡಿ ಯಾರೂ 'ಇದೇನು ಮದುವೆಯೇ ಅಲ್ಲ' ಅನ್ನೋದಿಲ್ಲ. ಪುರೋಹಿತರಿಲ್ಲ ಅನ್ನೋದು ಅಲ್ಲಿ ಯಾರ ಗಮನಕ್ಕೂ ಬರೋದಿಲ್ಲ. ಯಾಕಂದ್ರೆ ಮಾಡಬೇಕಾದ ಕೆಲಸಗಳನ್ನೆಲ್ಲ ಮಾಡೋಕೆ ಅಲ್ಲಿ ಜನ ಇದ್ದಾರೆ.

ಸರಿ, ಈಗ ನೀವು ತೀರ್ಮಾನ ಮಾಡಿದ್ದೀರಿ ಅಂತಿಟ್ಟುಕೊಳ್ಳೋಣ. ಎಲ್ಲಿಂದ ಶುರು ಮಾಡಬೇಕು? ಹೂವಿನಿಂದಲ್ಲ, ಕಾಗದದಿಂದ.

ಇದು ಸ್ವಲ್ಪ ಒಣ ವಿಷಯ. ಆದರೂ ರಿಮೋಟ್ ಕೈಗೆ ತಗೋಬೇಡಿ, ಎಡವಿದರೆ ಜೀವನಕ್ಕೇ ಪೆಟ್ಟು ಬೀಳೋದು ಇಲ್ಲೇ. ನಮ್ಮ ದೇಶದಲ್ಲಿ ಹಿಂದೂ ವಿವಾಹ ಕಾಯ್ದೆ ಬಂದದ್ದು 1955ರಲ್ಲಿ. ಅದರ 7ನೇ ಸೆಕ್ಷನ್ ಪ್ರಕಾರ ಗಂಡು ಅಥವಾ ಹೆಣ್ಣಿನ ಕಡೆಯ ರೂಢಿಯ ವಿಧಿಗಳಂತೆ ಮದುವೆ ನಡೆಯಬೇಕು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಪೀಠದಲ್ಲಿದ್ದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಆಗಸ್ಟಿನ್ ಜಾರ್ಜ್ ಮಸೀಹ್. ತರಬೇತಿ ಪಡೆದ ಇಬ್ಬರು ಪೈಲಟ್‌ಗಳ ಪ್ರಕರಣ ಅದು. ಅವರ ಬಳಿ ಸರ್ಟಿಫಿಕೇಟ್ ಇತ್ತು, ನೋಂದಣಿಯೂ ಆಗಿತ್ತು. ಆದರೆ ಯಾವ ವಿಧಿಯೂ ನಡೆದಿರಲಿಲ್ಲ. ವಿಧಿ ನಡೆಯದಿದ್ದರೆ ಈ ಕಾಯ್ದೆಯಡಿ ಅದು ಮದುವೆಯೇ ಅಲ್ಲ, ನೋಂದಣಿ ಒಂದರಿಂದಲೇ ಮದುವೆ ಹುಟ್ಟೋದಿಲ್ಲ ಅಂತ ಕೋರ್ಟ್ ಹೇಳಿತು.

ತಮಿಳುನಾಡು ಈ ತೊಡಕನ್ನು ಬಹಳ ಹಿಂದೆಯೇ ಬಿಡಿಸಿಕೊಂಡಿದೆ. ಅಣ್ಣಾದೊರೈ ಸರ್ಕಾರ 1967ರಲ್ಲಿ ಈ ಕಾಯ್ದೆಗೆ 7ಎ ಅನ್ನೋ ತಿದ್ದುಪಡಿ ತಂದಿತು. ಬಂಧುಗಳೋ ಸ್ನೇಹಿತರೋ ಇರುವ ಕಡೆ, ಪರಸ್ಪರ ಗಂಡ ಹೆಂಡತಿ ಅಂತ ಒಪ್ಪಿ ಹೇಳಿದರೆ ಸಾಕು, ಇಲ್ಲವೇ ಹಾರ ಬದಲಾಯಿಸಿದರೆ ಸಾಕು, ಉಂಗುರ ತೊಡಿಸಿದರೂ ಸಾಕು, ತಾಳಿ ಕಟ್ಟಿದರೂ ಸಾಕು. ಪುರೋಹಿತರು ಬೇಕಿಲ್ಲ. ಕರ್ನಾಟಕದಲ್ಲಿ ಆ ತಿದ್ದುಪಡಿ ಇಲ್ಲ. ಅಂದ ಮೇಲೆ ನಾಳೆ ಯಾರಾದರೂ ಕೋರ್ಟಿನಲ್ಲಿ ನಿಂತು 'ಇವರ ಮದುವೆ ಯಾವ ರೂಢಿಯ ಪ್ರಕಾರ ಆಯ್ತು?' ಅಂತ ಕೇಳೋಕೆ ಅವಕಾಶ ಇದೆ. ಕೇಳೋದು ಯಾವಾಗ? ನಿಮ್ಮಿಬ್ಬರಲ್ಲಿ ಒಬ್ಬರು ಇಲ್ಲವಾದಾಗ, ಆಸ್ತಿ ಪಾಲಿಗೆ ಬಂದಾಗ, ಪಿಂಚಣಿ ಅರ್ಜಿ ಹಾಕಿದಾಗ. ಅಂದರೆ ಉತ್ತರ ಕೊಡೋಕೆ ನಿಮಗೆ ಶಕ್ತಿಯೇ ಇಲ್ಲದ ಹೊತ್ತಲ್ಲಿ.

ಹಾಗಾದ್ರೆ ಸುರಕ್ಷಿತ ದಾರಿ ಯಾವುದು? 1954ರ ವಿಶೇಷ ವಿವಾಹ ಕಾಯ್ದೆ, ಎಲ್ಲರ ಬಾಯಲ್ಲಿ ಸ್ಪೆಷಲ್ ಮ್ಯಾರೇಜ್ ಆ್ಯಕ್ಟ್. ಇದು ಬೇರೆ ಬೇರೆ ಧರ್ಮದವರಿಗೆ ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಒಂದೇ ಧರ್ಮ, ಒಂದೇ ಜಾತಿಯವರೂ ಇದರಡಿ ಮದುವೆಯಾಗಬಹುದು. ಬ್ರಿಟಿಷರ ಕಾಲದ 1872ರ ಹಳೇ ಕಾಯ್ದೆಯಲ್ಲಿ 'ನಾನು ಹಿಂದೂ ಅಲ್ಲ, ಮುಸ್ಲಿಂ ಅಲ್ಲ, ಕ್ರೈಸ್ತ ಅಲ್ಲ' ಅಂತೆಲ್ಲ ಬರೆದುಕೊಡಬೇಕಿತ್ತು. 1954ರ ಕಾಯ್ದೆ ನಿಮ್ಮ ಧರ್ಮವನ್ನು ಬಿಡಿ ಅಂತ ಕೇಳೋದಿಲ್ಲ.

ಕ್ರಮ ಹೀಗಿದೆ. ಗಂಡಿಗೆ 21, ಹೆಣ್ಣಿಗೆ 18 ತುಂಬಿರಬೇಕು. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸ ಮಾಡಿರಬೇಕು. ವಿವಾಹ ಅಧಿಕಾರಿಗೆ, ಅಂದರೆ ನಮ್ಮ ಆಡುಮಾತಿನ ರಿಜಿಸ್ಟ್ರಾರ್ ಆಫೀಸಿಗೆ, ನೋಟಿಸ್ ಕೊಡಬೇಕು. ಅದನ್ನ ಆಫೀಸಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸುತ್ತಾರೆ. 30 ದಿನ ಕಾಯಬೇಕು. ಆಮೇಲೆ ಮೂವರು ಸಾಕ್ಷಿಗಳ ಜೊತೆ ಹೋಗಿ ಸಹಿ. ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಆ ನೋಟಿಸ್ ಬಿದ್ದುಹೋಗುತ್ತೆ, ಮತ್ತೆ ಮೊದಲಿಂದ ಶುರು. ಹಾಗಾಗಿ ಚೌಲ್ಟ್ರಿ ಬುಕ್ ಮಾಡೋ ಮುಂಚೆ ಕ್ಯಾಲೆಂಡರ್ ಹಿಡಿದು ಲೆಕ್ಕ ಹಾಕಿ.

ಆ 30 ದಿನದಲ್ಲಿ ಯಾರಾದರೂ ಆಕ್ಷೇಪಣೆ ಹಾಕಿದರೆ? ಹಾಕಬಹುದು. ಆದರೆ ಕಾರಣಗಳು ಬೆರಳೆಣಿಕೆಯಷ್ಟು: ವಯಸ್ಸು ಸಾಲದು, ಮೊದಲ ಮದುವೆ ಇನ್ನೂ ಊರ್ಜಿತದಲ್ಲಿದೆ, ಮಾನಸಿಕವಾಗಿ ಒಪ್ಪಿಗೆ ಕೊಡುವ ಸ್ಥಿತಿಯಿಲ್ಲ, ಅಥವಾ ಕಾಯ್ದೆ ನಿಷೇಧಿಸಿದ ಹತ್ತಿರದ ಸಂಬಂಧ. 'ಜಾತಿ ಬೇರೆ', 'ನಮಗೆ ಇಷ್ಟ ಇಲ್ಲ', ಇವು ಕಾನೂನಿನ ಕಾರಣಗಳಲ್ಲ. 2021ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ವಯಸ್ಕರಿಬ್ಬರು ಒಪ್ಪಿದ ಮೇಲೆ ಕುಟುಂಬದ್ದೋ ಸಮುದಾಯದ್ದೋ ಒಪ್ಪಿಗೆ ಬೇಕಾಗಿಲ್ಲ.

ನಮ್ಮ ಕಡೆಯವರು ಗಮನಿಸಬೇಕಾದ ವಿಷಯ ಇನ್ನೊಂದಿದೆ. ಸೋದರಮಾವನ ಮಗಳು, ಸೋದರತ್ತೆ ಮಗ, ನಮ್ಮ ಅರ್ಧ ಕರ್ನಾಟಕಕ್ಕೆ ಇದು ಸಹಜ ಸಂಬಂಧ. ವಿಶೇಷ ವಿವಾಹ ಕಾಯ್ದೆಯ ನಿಷೇಧಿತ ಪಟ್ಟಿಯಲ್ಲಿ ಈ ಸಂಬಂಧಗಳಿವೆ. ರೂಢಿ ಇದ್ದವರಿಗೆ ವಿನಾಯಿತಿ ಅನ್ನೋ ಮಾತು ಕಾಯ್ದೆಯಲ್ಲಿದೆ, ಅದಕ್ಕೆ ಅದರದೇ ಷರತ್ತುಗಳಿವೆ. ಅಂಥವರು ನೋಟಿಸ್‌ಗೆ ಮುಂಚೆ ವಕೀಲರನ್ನು ನೋಡಲೇಬೇಕು.

'ಈ ಕಾಯ್ದೆಯಡಿ ಮದುವೆಯಾದರೆ ಅಪ್ಪನ ಆಸ್ತಿ ಹೋಗುತ್ತಂತೆ' ಅನ್ನೋ ಭಯವೂ ಇದೆ. ಗಂಡು ಹೆಣ್ಣು ಇಬ್ಬರೂ ಹಿಂದೂ, ಬೌದ್ಧ, ಸಿಖ್ ಅಥವಾ ಜೈನರಾಗಿದ್ದರೆ ಆ ಭಯ ಬೇಡ. 1976ರಲ್ಲಿ ಸೇರಿಸಿದ 21ಎ ಸೆಕ್ಷನ್ ಅದನ್ನ ನಿವಾರಿಸಿದೆ. ಒಬ್ಬರು ಬೇರೆ ಧರ್ಮದವರಾಗಿದ್ದರೆ ಅವಿಭಕ್ತ ಕುಟುಂಬದ ಪಾಲು, ಉತ್ತರಾಧಿಕಾರದ ನಿಯಮ ಬದಲಾಗುತ್ತವೆ. ಅದನ್ನ ತಿಳಿದುಕೊಂಡು ಮುಂದುವರಿಯಿರಿ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಈ ಕಾಯ್ದೆಯ 12ನೇ ಸೆಕ್ಷನ್ ಏನು ಹೇಳುತ್ತೆ ಗೊತ್ತಾ? ನೀವು ಬಯಸಿದ ಯಾವ ರೀತಿಯಲ್ಲಿ ಬೇಕಾದರೂ ಮದುವೆಯಾಗಿ ಅನ್ನುತ್ತೆ. ಷರತ್ತು ಒಂದೇ. ಅಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರು, ನಿಮಗೆ ಅರ್ಥವಾಗುವ ಭಾಷೆಯಲ್ಲಿ, ಇಬ್ಬರೂ ಒಂದು ವಾಕ್ಯ ಹೇಳಬೇಕು: ಇಂಥವರನ್ನು ನನ್ನ ಕಾನೂನುಬದ್ಧ ಪತಿಯಾಗಿ, ಅಥವಾ ಪತ್ನಿಯಾಗಿ, ಸ್ವೀಕರಿಸುತ್ತೇನೆ ಅಂತ. ಹೆಚ್ಚುವರಿ ಶುಲ್ಕ ಕಟ್ಟಿದರೆ, ಆಫೀಸಿನಿಂದ ಅಷ್ಟೇನೂ ದೂರವಲ್ಲದ ಜಾಗಕ್ಕೆ ಅಧಿಕಾರಿಯೇ ಬರೋದಕ್ಕೂ ಕಾಯ್ದೆಯಲ್ಲಿ ಅವಕಾಶ ಇದೆ. ನಮ್ಮ ದೇಶದ ಒಂದು ಕಾನೂನು ಎದ್ದು ನಿಂತು 'ನಿಮ್ಮ ಮದುವೆಯನ್ನು ನೀವೇ ಬರೆದುಕೊಳ್ಳಿ' ಅಂತ ಹೇಳ್ತಿದೆ. ನಾವು ಅದನ್ನ 'ರಿಜಿಸ್ಟ್ರಾರ್ ಆಫೀಸ್ ಮದುವೆ' ಅಂತ ಮೂಗು ಮುರೀತೀವಿ.

ಕಾಗದ ಆಯ್ತು, ಈಗ ಆ ಅಮ್ಮನ ಪ್ರಶ್ನೆಗೆ ಬರೋಣ.

ಗಟ್ಟಿಮೇಳ ಅಂದರೆ ಏನು? ಅಲ್ಲೀವರೆಗೂ ಚೌಲ್ಟ್ರಿಯಲ್ಲಿ ಏನು ನಡೀತಿರುತ್ತೆ ನೆನಪಿಸಿಕೊಳ್ಳಿ. ಯಾರೋ ಕಾಫಿ ಕುಡೀತಿರ್ತಾರೆ, ಯಾರೋ ಸೀರೆ ಬಗ್ಗೆ ಮಾತಾಡ್ತಿರ್ತಾರೆ, ಮಕ್ಕಳು ಓಡ್ತಿರ್ತಾರೆ. ಇದ್ದಕ್ಕಿದ್ದ ಹಾಗೆ ಒಬ್ಬರು ಕೈ ಎತ್ತಿ 'ಗಟ್ಟಿಮೇಳ, ಗಟ್ಟಿಮೇಳ' ಅಂತಾರೆ. ವಾಲಗದವರು ಜೋರಾಗಿ ಬಾರಿಸ್ತಾರೆ. ಐನೂರು ಜನ ಎದ್ದು ನಿಂತು ಅಕ್ಷತೆ ಹಾಕ್ತಾರೆ. ಆ ಒಂದು ನಿಮಿಷಕ್ಕೆ ಮುಂಚೆ ಅವರು ಗಂಡ ಹೆಂಡತಿ ಅಲ್ಲ, ಆ ನಿಮಿಷ ಕಳೆದ ಮೇಲೆ ಹೌದು. ಇದು ಹೊರೆ ಹೊತ್ತ ಕಂಬ. ಇದನ್ನು ತೆಗೆದು ಬದಲಿಗೆ ಏನೂ ಇಡದಿದ್ದರೆ, ಬಂದ ಜನ ಭಾಷಣ ಕೇಳಿ, ಊಟ ಮಾಡಿ, 'ಮದುವೆ ಆಯ್ತಾ?' ಅಂತ ಪಕ್ಕದವರನ್ನು ಕೇಳ್ತಾರೆ. ನಾನು ಹೋದ ಎರಡು ಮೂರು ಸರಳ ಮದುವೆಗಳಲ್ಲಿ ಈ ಪ್ರಶ್ನೆ ನನ್ನ ಕಿವಿಗೇ ಬಿದ್ದಿದೆ.

ಹಾಗಾಗಿ ಮೊದಲ ಸೂತ್ರ: ಯಾವ ಕ್ಷಣದಲ್ಲಿ ಮದುವೆ ಆಯ್ತು ಅನ್ನೋದು ಕೊನೇ ಸಾಲಲ್ಲಿ ಕೂತ ಅಜ್ಜಿಗೂ ಗೊತ್ತಾಗಬೇಕು. ಕಾನೂನು ಕೇಳುವ ಆ ಒಂದು ವಾಕ್ಯವನ್ನೇ ಆ ಕ್ಷಣ ಮಾಡಿ. ಇಬ್ಬರೂ ಹೇಳಿ ಮುಗಿಸಿದ ತಕ್ಷಣ ಎಲ್ಲರೂ ಎದ್ದು ನಿಲ್ಲಲಿ, ಹೂವು ಹಾಕಲಿ. ವಾಲಗ ಬೇಕಾ? ಕರೆಸಿ. ವಾಲಗಕ್ಕೆ ಧರ್ಮ ಇಲ್ಲ. ಡೊಳ್ಳು ಕರೆಸಿ, ತಮಟೆ ಕರೆಸಿ. ಶಬ್ದ ಆಗಬೇಕು.

ಎರಡನೇ ಸೂತ್ರ ಮಾತಿನದು. ಪ್ರತಿಜ್ಞೆಯನ್ನು ನೀವೇ ಬರೀಬೇಕು. ಬರೆಯೋಕೆ ಕೂತಾಗ ಎಲ್ಲರೂ ಮಾಡೋದು ಒಂದೇ: ಪ್ರೇಮಪತ್ರ ಬರೀತಾರೆ. 'ನೀನು ನನ್ನ ಬಾಳಿನ ಬೆಳಕು' ಅಂತ. ಅದು ಹೊಗಳಿಕೆ, ಪ್ರತಿಜ್ಞೆ ಅಲ್ಲ. ಪ್ರತಿಜ್ಞೆ ಅಂದರೆ ಐದು ವರ್ಷ ಆದ ಮೇಲೆ 'ನೀನು ಅವತ್ತು ಹೇಳಿದ್ದೆ, ಮಾಡಿದ್ಯಾ ಇಲ್ವಾ?' ಅಂತ ಕೇಳೋಕೆ ಬರಬೇಕು. 'ನಿನ್ನ ಅಪ್ಪ ಅಮ್ಮನಿಗೆ ಹುಷಾರಿಲ್ಲ ಅಂದ್ರೆ ಅದು ನಮ್ಮಿಬ್ಬರ ಜವಾಬ್ದಾರಿ.' 'ನಿನ್ನ ಸಂಬಳ ನಿನ್ನದು, ಮನೆ ಖರ್ಚು ಇಬ್ಬರದು.' 'ಮಗು ಆದ ಮೇಲೆ ಕೆಲಸ ಬಿಡೋದು ನೀನೇ ಅಂತ ನಾನು ಅಂದುಕೊಳ್ಳೋದಿಲ್ಲ.' ಇಂಥ ಮೂರು ಮಾತು ಸಾಕು. ಟಿವಿಯಲ್ಲಿ ಓದಿ ಓದಿ ನಾನು ಕಲಿತ ಒಂದು ಗುಟ್ಟು ಹೇಳ್ತೀನಿ: ಬರೆದದ್ದನ್ನ ಜೋರಾಗಿ ಓದಿ ನೋಡಿ. ಒಂದೇ ಉಸಿರಿಗೆ ಮುಗಿಯದ ವಾಕ್ಯ ಇದ್ದರೆ ಎರಡು ಮಾಡಿ. ಒಬ್ಬೊಬ್ಬರಿಗೆ ಒಂದೂವರೆ ನಿಮಿಷ, ಅಷ್ಟೇ. ದೊಡ್ಡ ಅಕ್ಷರದಲ್ಲಿ ಕಾಗದದ ಮೇಲೆ ಬರೆದುಕೊಳ್ಳಿ. ಮೊಬೈಲ್ ನೋಡಿಕೊಂಡು ಪ್ರತಿಜ್ಞೆ ಮಾಡಬೇಡಿ, ಮಧ್ಯದಲ್ಲಿ ಕೊರಿಯರ್‌ನವನ ಫೋನ್ ಬರುತ್ತೆ.

ಮೂರನೇ ಸೂತ್ರ: ಕೈಗೂ ಕೆಲಸ ಕೊಡಿ. ಬರೀ ಮಾತಿನ ಮದುವೆ ಸಭೆಯ ಹಾಗಿರುತ್ತೆ. ಧಾರೆ ಎರೆಯೋದು, ಅಂತರಪಟ ಸರಿಸೋದು, ಜೀರಿಗೆ ಬೆಲ್ಲ ಇಡೋದು, ಏಳು ಹೆಜ್ಜೆ ಇಡೋದು, ಇವೆಲ್ಲ ಅರ್ಥ ಗೊತ್ತಿಲ್ಲದವರಿಗೂ ನೆನಪಿರೋದು ಯಾಕೆ? ಅಲ್ಲಿ ಕೈಕಾಲು ಏನನ್ನೋ ಮಾಡುತ್ತೆ. ಸಂಕೇತ ಬೇಕು. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಎರಡು ಬಣ್ಣದ ಮರಳು ಬೆರೆಸೋದು, ಎರಡು ಮೇಣದಬತ್ತಿಯಿಂದ ಒಂದು ಬತ್ತಿ ಹಚ್ಚೋದು, ಇವೇ ಸಿಗ್ತವೆ. ತಪ್ಪೇನಿಲ್ಲ. ಆದರೆ ಆ ಮರಳಿಗೂ ನಿಮಗೂ ಏನು ಸಂಬಂಧ? ನಿಮ್ಮ ಎರಡು ಮನೆಯಲ್ಲಿ ಏನಿದೆ ನೋಡಿ. ಎರಡೂ ಊರಿನ ಬಾವಿ ನೀರು ತಂದು ಒಂದೇ ಗಿಡಕ್ಕೆ ಎರೆಯಬಹುದು. ಎರಡೂ ಹಿತ್ತಲಿನ ಮಣ್ಣು ಒಂದೇ ಕುಂಡಕ್ಕೆ ಹಾಕಬಹುದು. ಸಂವಿಧಾನದ ಪೀಠಿಕೆಯನ್ನು ಎಲ್ಲರೂ ನಿಂತು ಓದಬಹುದು. ಬಂದವರೆಲ್ಲ ಒಂದು ಪುಸ್ತಕದಲ್ಲಿ ಸಾಕ್ಷಿ ಅಂತ ಸಹಿ ಹಾಕಬಹುದು. ಎರಡು ಸಂಕೇತ ಸಾಕು, ಮೂರು ಜಾಸ್ತಿ.

ನಾನು ಕಣ್ಣಾರೆ ಕಂಡದ್ದು ಒಂದು ಹೇಳ್ತೀನಿ. ಜೊತೆಯಲ್ಲಿ ಕೆಲಸ ಮಾಡುವ ಒಬ್ಬ ಕ್ಯಾಮೆರಾಮನ್ ಮದುವೆ. ಹುಡುಗನ ಊರು ರಾಯಚೂರು ಕಡೆ, ಹುಡುಗಿ ಮಂಡ್ಯದವಳು. ಮೈಕ್ ಹಿಡಿಯೋಕೆ ನನ್ನನ್ನೇ ಕರೆದಿದ್ದರು, ಆ್ಯಂಕರ್‌ಗಳಿಗೆ ಮದುವೆ ಮನೆಯಲ್ಲೂ ಬಿಡುವಿಲ್ಲ. ವೇದಿಕೆ ಮೇಲೆ ಒಂದು ಬೀಸುಕಲ್ಲು ಇಟ್ಟಿದ್ದರು. ಅವರ ಕಡೆಯ ಜೋಳ ಒಂದು ಹಿಡಿ, ಇವರ ಕಡೆಯ ರಾಗಿ ಒಂದು ಹಿಡಿ. ಇಬ್ಬರ ತಾಯಂದಿರೂ ಎದುರು ಬದುರು ಕೂತು ಒಂದೇ ಗೂಟ ಹಿಡಿದು ಬೀಸಬೇಕು, ಮೂರೇ ಸುತ್ತು.

ಹುಡುಗನ ತಂದೆ ತೀರಿಹೋಗಿ ಬಹಳ ವರ್ಷ ಆಗಿತ್ತು. ನಿಮಗೆ ಗೊತ್ತಿರುತ್ತೆ, ನಮ್ಮ ಮದುವೆ ಮನೆಗಳಲ್ಲಿ ಬೀಸುಕಲ್ಲು ಒನಕೆಗೆ ಪೂಜೆ ಮಾಡೋ ಶಾಸ್ತ್ರ ಇದೆ, ಅದನ್ನ ಮುತ್ತೈದೆಯರೇ ಮಾಡಬೇಕು. ಗಂಡ ತೀರಿಕೊಂಡ ತಾಯಿ, ತಾನು ಒಂಟಿಯಾಗಿ ದುಡಿದು ಸಾಕಿದ ಮಗನ ಮದುವೆಯಲ್ಲಿ, ಕಂಬದ ಹಿಂದೆ ನಿಂತು ನೋಡಬೇಕು. ಆ ತಾಯಿ ಗೂಟಕ್ಕೆ ಕೈ ಹಾಕೋಕೆ ಹಿಂಜರಿದರು. ನೆಂಟರ ಕಡೆ ಒಮ್ಮೆ ನೋಡಿದರು. ಆಗ ಹುಡುಗಿಯ ತಾಯಿ ಅವರ ಕೈ ಹಿಡಿದು ಗೂಟದ ಮೇಲಿಟ್ಟು, ತಮ್ಮ ಕೈ ಅದರ ಮೇಲಿಟ್ಟು, 'ಬೀಸಿ ಅಕ್ಕ' ಅಂದರು. ಕಲ್ಲು ತಿರುಗಿತು. ನನ್ನ ಕೈಯಲ್ಲಿ ಮೈಕ್ ಇತ್ತು, ನಾನು ಏನೂ ಮಾತಾಡಲಿಲ್ಲ. ಅಲ್ಲಿ ಮಾತು ಬೇಕಿರಲಿಲ್ಲ.

ನೋಡಿ, ನನ್ನ ಮಟ್ಟಿಗೆ ಧರ್ಮದ ವಿಧಿಯಿಲ್ಲದ ಮದುವೆಗೆ ಇರುವ ಅತಿ ದೊಡ್ಡ ಕಾರಣ ಇದೇ. ಖರ್ಚು ಕಡಿಮೆ ಅನ್ನೋದಲ್ಲ, ಪ್ರಗತಿಪರರು ಅಂತ ಕರೆಸಿಕೊಳ್ಳೋದಲ್ಲ. ಹಳೇ ಮಂಟಪದಲ್ಲಿ ಕೆಲವರಿಗೆ ಜಾಗ ಇರಲಿಲ್ಲ. ವಿಧವೆ ತಾಯಿಗೆ ಇರಲಿಲ್ಲ, ಗಂಡನಿಂದ ದೂರವಾದ ಅಕ್ಕನಿಗೆ ಇರಲಿಲ್ಲ. ಮಗಳನ್ನು 'ದಾನ' ಕೊಡೋ ಮಾತಿತ್ತು, ಅವಳೇನು ವಸ್ತುವಾ ಅಂತ ಕೇಳೋ ಹಾಗಿರಲಿಲ್ಲ. ಈ ಕಂಬಗಳನ್ನು ತೆಗೆಯಲೇಬೇಕು. ನಿಮ್ಮ ಹೊಸ ಮಂಟಪದಲ್ಲಿ ಅವರಿಗೆ ಜಾಗ ಸಿಗದಿದ್ದರೆ ಪುರೋಹಿತರನ್ನು ಬಿಟ್ಟು ನೀವು ಸಾಧಿಸಿದ್ದು ದಕ್ಷಿಣೆ ಉಳಿತಾಯ ಅಷ್ಟೇ.

ನಾಲ್ಕನೇ ಸೂತ್ರ ಅದರ ಮುಂದುವರಿಕೆ. ಬಂಧುಗಳಿಗೆ ಪಾತ್ರ ಕೊಡಿ. ಹಳೇ ಮದುವೆಯಲ್ಲಿ ಸೋದರಮಾವನಿಗೆ ಕೆಲಸ ಇತ್ತು, ಅಣ್ಣ ತಮ್ಮನಿಗೆ ಕೆಲಸ ಇತ್ತು, ಅತ್ತಿಗೆ ನಾದಿನಿಗೆ ಕೆಲಸ ಇತ್ತು. ಯಾರಿಗೂ ಕೆಲಸ ಕೊಡದೆ ಕುರ್ಚಿ ಹಾಕಿ ಕೂರಿಸಿದರೆ ಅವರು ಪ್ರೇಕ್ಷಕರಾಗ್ತಾರೆ, ಪ್ರೇಕ್ಷಕರು ವಿಮರ್ಶೆ ಮಾಡ್ತಾರೆ. ಆ ಮೂವರು ಸಾಕ್ಷಿಗಳು ಯಾರಾಗಬೇಕು ಅಂತ ಯೋಚಿಸಿ. ಆಫೀಸಿನ ಗೆಳೆಯರೇ ಯಾಕೆ? ಒಬ್ಬರು ಸೋದರಮಾವ ಆಗಲಿ, ಒಬ್ಬರು ಅಜ್ಜಿ ಆಗಲಿ. ತೀರಿಹೋದ ಹಿರಿಯರ ಹೆಸರನ್ನು ಒಬ್ಬರು ಹೇಳಿ ಒಂದು ದೀಪ ಹಚ್ಚಲಿ.

ಇನ್ನು ಜಗಳದ ವಿಷಯ: ತಾಳಿ. ಹಿರಿಯರು ಅಲ್ಲಿಗೆ ಬಂದು ನಿಂತೇ ನಿಲ್ತಾರೆ. ನನ್ನ ಸಲಹೆ, ಇಬ್ಬರೂ ಕೂತು ಮೂರು ಪಟ್ಟಿ ಮಾಡಿ. ಆಗಲೇಬೇಕಾದ್ದು, ಆದರೆ ಅಡ್ಡಿಯಿಲ್ಲದ್ದು, ಆಗಕೂಡದ್ದು. ಮೂರನೇ ಪಟ್ಟಿ ಚಿಕ್ಕದಿರಲಿ, ಆದರೆ ಗಟ್ಟಿಯಾಗಿರಲಿ. ವರದಕ್ಷಿಣೆ, ಕನ್ಯಾದಾನ, ಯಾರನ್ನಾದರೂ ಹೊರಗಿಡೋದು, ಇವು ಅದರಲ್ಲಿರಲಿ. ತಾಳಿ ಯಾವ ಪಟ್ಟಿಗೆ ಅನ್ನೋದನ್ನ ಅದನ್ನು ಹಾಕಿಕೊಳ್ಳುವ ಹುಡುಗಿಯೇ ತೀರ್ಮಾನಿಸಲಿ. ಅವಳಿಗೆ ಬೇಕಾದರೆ ಇರಲಿ, ಬೇಡವಾದರೆ ಹಾರ ಇದೆ. ಅಮ್ಮನ ಅಕ್ಷತೆ, ಅಜ್ಜಿಯ ಆರತಿ ಎರಡನೇ ಪಟ್ಟಿಗೆ ಹಾಕಿ. ನಂಬಿಕೆ ನಿಮ್ಮದಲ್ಲದಿರಬಹುದು, ಕೈ ನಿಮ್ಮ ಅಜ್ಜಿಯದು.

ಒಂದು ಎಚ್ಚರಿಕೆ. 'ಸರಳ ಮದುವೆ' ಅಂತ ಬೋರ್ಡ್ ಹಾಕಿ, 'ಚೌಲ್ಟ್ರಿ ಖರ್ಚು ಉಳೀತಲ್ಲ, ಅದನ್ನ ಕಾರಿಗೆ ಹಾಕಿ' ಅಂತ ಹುಡುಗಿ ಮನೆಗೆ ಸೂಚನೆ ಕೊಡೋ ಮಹಾನುಭಾವರೂ ಇದ್ದಾರೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಗೆ ಮಂತ್ರ ಇದ್ದ ಮದುವೆ, ಇಲ್ಲದ ಮದುವೆ ಅನ್ನೋ ಭೇದ ಇಲ್ಲ. ಕೇಳೋದೂ ಅಪರಾಧ, ಕೊಡೋದೂ ಅಪರಾಧ.

ಕೊನೆಗೆ ಸಮಯ. ನಮ್ಮ ಬುಲೆಟಿನ್‌ಗೆ ನಿಮಿಷ ನಿಮಿಷದ ಪಟ್ಟಿ ಇರೋ ಹಾಗೆ ನಿಮ್ಮದಕ್ಕೂ ಒಂದು ಮಾಡಿ. ಸ್ವಾಗತ ಮತ್ತು ಇವತ್ತು ಏನೇನು ನಡೆಯುತ್ತೆ ಅನ್ನೋ ವಿವರಣೆ ಐದು ನಿಮಿಷ. ಹಿರಿಯರ ನೆನಪು ಮೂರು ನಿಮಿಷ. ಮೊದಲ ಸಂಕೇತ ಐದು ನಿಮಿಷ. ಇಬ್ಬರ ಪ್ರತಿಜ್ಞೆ ಮೂರು ನಿಮಿಷ. ಆ ಒಂದು ವಾಕ್ಯ, ವಾಲಗ, ಹೂವು, ಎರಡು ನಿಮಿಷ. ಸಹಿ ಐದು ನಿಮಿಷ. ಎರಡನೇ ಸಂಕೇತ, ಒಬ್ಬರೋ ಇಬ್ಬರೋ ಹಿರಿಯರ ಮಾತು, ಹತ್ತು ನಿಮಿಷ. ಅರ್ಧ ಗಂಟೆ ಸ್ವಲ್ಪ ಮೇಲೆ, ಅಷ್ಟೇ. ರಾಜಕಾರಣಿಯನ್ನು ಕರೆದರೆ ಮೈಕ್ ಕೊಡಬೇಡಿ. ಫೋಟೋದವರು ಜನರಿಗೆ ಅಡ್ಡ ನಿಲ್ಲದ ಹಾಗೆ ಮೊದಲೇ ಹೇಳಿ. ಮತ್ತೆ ಊಟ. ಊಟದಲ್ಲಿ ಮಾತ್ರ ಸರಳತೆ ತೋರಿಸೋಕೆ ಹೋಗಬೇಡಿ. ಬಿಸಿಯಾಗಿರಲಿ, ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂರಲಿ.

ಕೇಳೋಕೆ ಇದು ಸುಲಭ. ನಿಜ ಹೇಳಬೇಕು ಅಂದ್ರೆ ಪುರೋಹಿತರು ಮಾಡಿಸೋ ಮದುವೆಗಿಂತ ಇದು ಕಷ್ಟ. ಅಲ್ಲಿ ನಮಗೊಂದು ನೆಪ ಇತ್ತು. ಮಂತ್ರ ಅವರು ಹೇಳಿದರು, ನಮಗೆ ಅರ್ಥ ಗೊತ್ತಿರಲಿಲ್ಲ. ಏಳು ಹೆಜ್ಜೆ ಇಡಿ ಅಂದರು, ಇಟ್ವಿ. ಇಲ್ಲಿ ಆ ನೆಪ ಇಲ್ಲ. ಮಾತು ನೀವೇ ಬರೆದದ್ದು, ಕನ್ನಡದಲ್ಲಿ ಬರೆದದ್ದು, ನಿಮ್ಮ ಬಾಯಲ್ಲೇ ಹೇಳಿದ್ದು, ಮೂವರು ಸಹಿ ಹಾಕಿದ್ದಾರೆ, ಊರೆಲ್ಲ ಕೇಳಿಸಿಕೊಂಡಿದೆ.

ಅದಕ್ಕೇ ಆ ಮಾತುಗಳನ್ನ ಮದುವೆಯ ಹಿಂದಿನ ರಾತ್ರಿ ಗೀಚಬೇಡಿ. ನೋಟಿಸ್ ಕೊಟ್ಟು ಬಂದ ದಿನವೇ ಇಬ್ಬರೂ ಬೇರೆ ಬೇರೆ ಕೂತು ಬರೆಯೋಕೆ ಶುರು ಮಾಡಿ. ಕಾನೂನು ಹೇಗೂ ಮೂವತ್ತು ದಿನ ಕಾಯಿಸುತ್ತೆ. ಅಷ್ಟು ದಿನ ಬೇಕೇ ಬೇಕು.